ಫೋರ್ ಟಾಪ್ಸ್: ಅದೇ ನಾಲ್ವರು ನಾಲ್ಕು ದಶಕ ಜೊತೆಗೆ ಹಾಡಿದ್ದು ಹೇಗೆ?

ಶ್ರುತಿಪೆಟ್ಟಿಗೆ (ಪ್ರಶ್ನೆ):

ಕೆಲವು ವಾರಗಳಿಂದ ಅಮೆರಿಕದ ಕಪ್ಪುವರ್ಣೀಯರಲ್ಲಿ ಹುಟ್ಟಿದ ಸೋಲ್ ಸಂಗೀತವನ್ನು, ಅದರಲ್ಲೂ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆ 1960ರ ದಶಕದಲ್ಲಿ ಹೊರತಂದ ಹಾಡುಗಳನ್ನು, ವರ್ಷದ ಕ್ರಮದಲ್ಲಿ ಕೇಳುತ್ತಿದ್ದೇನೆ. ಆ ಸಂಸ್ಥೆಯ ಇತರ ತಂಡಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಗಾಯಕರು ಬಂದುಹೋದ ಚರಿತ್ರೆಯೇ. ಟೆಂಪ್ಟೇಷನ್ಸ್ ತಂಡ 1968ರಲ್ಲಿ ತನ್ನ ಪ್ರಮುಖ ಗಾಯಕ ಡೇವಿಡ್ ರಫಿನ್ ಅವರನ್ನು ಹೊರಗೆ ಕಳುಹಿಸಿತು. ಸುಪ್ರೀಮ್ಸ್ ತಂಡದ ಹೆಸರಿಗಿಂತ ಮೊದಲು ಡಯಾನಾ ರಾಸ್ ಅವರ ಹೆಸರು ಬಂದ ಕೆಲವೇ ವರ್ಷಗಳಲ್ಲಿ ಅವರು ಒಬ್ಬರೇ ಹಾಡಲು ಹೊರಟುಹೋದರು. ಆದರೆ ಫೋರ್ ಟಾಪ್ಸ್ ತಂಡದಲ್ಲಿ ಮಾತ್ರ ಲೀವೈ ಸ್ಟಬ್ಸ್, ಅಬ್ದುಲ್ ‘ಡ್ಯೂಕ್’ ಫಕೀರ್, ರೆನಾಲ್ಡೊ ‘ಓಬಿ’ ಬೆನ್ಸನ್ ಮತ್ತು ಲಾರೆನ್ಸ್ ಪೇಟನ್ ಎಂಬ ನಾಲ್ವರು 1950ರ ದಶಕದಿಂದ 1997ರಲ್ಲಿ ಪೇಟನ್ ತೀರಿಕೊಳ್ಳುವವರೆಗೂ ಒಟ್ಟಿಗೇ ಇದ್ದರು. ಸ್ಟಬ್ಸ್ ಅವರಂತಹ ಕಂಠವಿದ್ದ ಗಾಯಕ ಒಮ್ಮೆಯೂ ತಂಡ ಬಿಡದೆ ಇದ್ದುದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ. ಆ ಕಂಠ ಸ್ವಲ್ಪವೂ ಕುಂದದಿದ್ದರೂ 1967ರ ನಂತರ ತಂಡದ ಹಾಡುಗಳು ಮೊದಲಿನಷ್ಟು ಎತ್ತರಕ್ಕೆ ಏರದಿದ್ದುದು ಏಕೆ ಎಂಬುದು ಎರಡನೆಯದು.

ಹಿಮ್ಮೇಳ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮೋಟೌನ್‌ಗಿಂತ ಹಿಂದಿನ ಹತ್ತು ವರ್ಷಗಳಲ್ಲಿದೆ ಎಂದು ನಾನು ತಿಳಿದಿದ್ದೇನೆ. ಡೆಟ್ರಾಯಿಟ್‌ನ ಈ ನಾಲ್ವರು ಯುವಕರು ಮೊದಲು ‘ಫೋರ್ ಏಮ್ಸ್’ ಎಂಬ ಹೆಸರಿನಲ್ಲಿ ಹಾಡುತ್ತಿದ್ದರು. ಆಗ ಹೆಸರಾಗಿದ್ದ ಏಮ್ಸ್ ಬ್ರದರ್ಸ್ ತಂಡದೊಡನೆ ಗೊಂದಲವಾಗಬಾರದೆಂದು 1956ರ ಸುಮಾರಿಗೆ ಫೋರ್ ಟಾಪ್ಸ್ ಆದರು. ಷಿಕಾಗೊದ ಚೆಸ್ ಸಂಸ್ಥೆಯಿಂದ ಹಿಡಿದು ಕೊಲಂಬಿಯಾ, ರಿವರ್‌ಸೈಡ್ ಸಂಸ್ಥೆಗಳವರೆಗೆ ಹೋದ ಕಡೆಯೆಲ್ಲ ಒಂದೊಂದು ಗ್ರಾಮಫೋನ್ ತಟ್ಟೆ ಹೊರಬಂದಿತು, ಒಂದೂ ಓಡಲಿಲ್ಲ. ಹೊಟ್ಟೆ ತುಂಬಿಸಿದ್ದು ರಾತ್ರಿ ಕ್ಲಬ್ಬುಗಳ ಕಾರ್ಯಕ್ರಮ. ಅಲ್ಲಿ ಜಾಝ್ ಹಾಡುಗಳನ್ನೂ ಹಳೆಯ ರಂಗಗೀತೆಗಳನ್ನೂ ನಾಲ್ಕು ದನಿಗಳ ಮೇಳದಲ್ಲಿ ಹಾಡಬೇಕಿತ್ತು, ಆ ದನಿಗಳನ್ನು ಹೊಂದಿಸುವ ಕೆಲಸ ಮುಖ್ಯವಾಗಿ ಪೇಟನ್ ಅವರದಾಗಿತ್ತು. ಜನಪ್ರಿಯ ಹಾಡೊಂದೂ ಇಲ್ಲದೆ ಇಷ್ಟು ವರ್ಷ ಒಟ್ಟಿಗೆ ದುಡಿದು ಬದುಕಿದವರಿಗೆ, ತಂಡವೆಂದರೆ ಒಬ್ಬನ ಕಂಠವಲ್ಲ, ನಾಲ್ವರ ಕಸುಬು ಎಂಬುದು ಕೀರ್ತಿ ಬರುವ ಮೊದಲೇ ಖಚಿತವಾಗಿತ್ತು. ತಂಡದ ಹೆಸರಿನ ಮುಂದೆ ತಮ್ಮ ಹೆಸರನ್ನು ಹಾಕಿಸಿಕೊಳ್ಳಲು ಸ್ಟಬ್ಸ್ ಕೊನೆಯವರೆಗೂ ಒಪ್ಪಲಿಲ್ಲ.

1963ರಲ್ಲಿ ಮೋಟೌನ್ ಸೇರಿದಾಗಲೂ ಅವರಿಂದ ಮೊದಲು ಮಾಡಿಸಿದ್ದು ಜಾಝ್ ಹಾಡುಗಳ ಒಂದು ಸಂಕಲನ. ಅದು ಬಿಡುಗಡೆಯಾಗದೆ 1999ರವರೆಗೆ ಕಪಾಟಿನಲ್ಲೇ ಉಳಿಯಿತು. ದಿಕ್ಕು ಬದಲಾದದ್ದು ಬ್ರಯಾನ್ ಹಾಲೆಂಡ್, ಲಮಾಂಟ್ ಡೋಜಿಯರ್ ಮತ್ತು ಎಡ್ಡಿ ಹಾಲೆಂಡ್ ಎಂಬ ಮೂವರು ರಚನಕಾರರ ಕೈಗೆ ತಂಡ ಬಂದಾಗ. 1964ರ ‘ಬೇಬಿ ಐ ನೀಡ್ ಯುವರ್ ಲವಿಂಗ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಬಂದಿತು, ಮರುವರ್ಷದ ‘ಐ ಕಾಂಟ್ ಹೆಲ್ಪ್ ಮೈಸೆಲ್ಫ್’ ಮೊದಲ ಸ್ಥಾನ ಮುಟ್ಟಿತು. ಕೂಡಲೇ ಕೊಲಂಬಿಯಾ ಸಂಸ್ಥೆ ತನ್ನ ಬಳಿಯಿದ್ದ ತಂಡದ ಹಳೆಯ ಹಾಡೊಂದನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಾಗ, ಅದನ್ನು ಹಿಂದಿಕ್ಕಲು ಮೋಟೌನ್ ಒಂದೆರಡು ದಿನಗಳಲ್ಲೇ ಹೊಸ ಹಾಡು ಬರೆಸಿ, ಧ್ವನಿಮುದ್ರಿಸಿ, ತಟ್ಟೆ ಒತ್ತಿಸಿತು. ಹಿಂದಿನ ಹಾಡಿನ ಧಾಟಿಗೆ ತೀರ ಹತ್ತಿರವಿದ್ದ ಆ ಹಾಡಿಗೆ ‘ಇಟ್ಸ್ ದಿ ಸೇಮ್ ಓಲ್ಡ್ ಸಾಂಗ್’ ಎಂದೇ ಹೆಸರು! ಅದೂ 5ನೆಯ ಸ್ಥಾನಕ್ಕೆ ಏರಿತು.

ತಾರಸ್ಥಾಯಿ:

ಮೇಲಿನವರು ಹೇಳಿದ್ದಕ್ಕೆ ಕಂಠದ ವಿಷಯವೊಂದನ್ನು ಸೇರಿಸಬೇಕು, ಏಕೆಂದರೆ ಎರಡನೆಯ ಪ್ರಶ್ನೆಯ ಬೇರು ಅಲ್ಲಿಯೇ ಇದೆ. ಇಂತಹ ತಂಡಗಳಲ್ಲಿ ಮುಂದೆ ನಿಂತು ಹಾಡುವವರು ಸಾಮಾನ್ಯವಾಗಿ ತೆಳುವಾದ ಎತ್ತರದ ದನಿಯ ಟೆನರ್ ಗಾಯಕರು. ಸ್ಟಬ್ಸ್ ಅವರದು ತುಂಬಿದ ಬ್ಯಾರಿಟೋನ್, ಅಂದರೆ ಟೆನರ್‌ಗಿಂತ ತಗ್ಗಿನ ಗಂಡುದನಿ. ಆ ಮೂವರು ರಚನಕಾರರು ಬೇಕೆಂದೇ ಅವರ ಸಹಜ ಶ್ರುತಿಗಿಂತ ಮೇಲಿನ ಶ್ರುತಿಯಲ್ಲಿ ಹಾಡು ಕಟ್ಟುತ್ತಿದ್ದರು. ಇದರಿಂದ ಮೇಲಿನ ಸ್ವರಗಳಿಗೆ ಅವರು ಪಟ್ಟು ಹಿಡಿದು ಏರಬೇಕಾಗುತ್ತಿತ್ತು, ಆ ಶ್ರಮವೇ ಹಾಡಿನಲ್ಲಿ ಮೊರೆಯಾಗಿ, ಕೆಲವೊಮ್ಮೆ ಕೂಗಾಗಿ ಕೇಳಿಸುತ್ತಿತ್ತು. 1966ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ‘ರೀಚ್ ಔಟ್ ಐಲ್ ಬಿ ದೇರ್’ ಕೇಳಿದರೆ, ಹಾಡಿಗೂ ಗದ್ಯಕ್ಕೂ ನಡುವೆ ನಿಂತು ಸ್ಟಬ್ಸ್ ಕರೆಯುತ್ತಿರುವಂತೆ ಭಾಸವಾಗುತ್ತದೆ. ಹಿಂದಿನ ದನಿಗಳಲ್ಲಿ ಉಳಿದ ಮೂವರ ಜೊತೆಗೆ ಆಂಡಾಂಟೀಸ್ ಎಂಬ ಮೂವರು ಮಹಿಳೆಯರ ದನಿಯೂ ಇದೆ, ತಟ್ಟೆಯ ಮೇಲೆ ಅವರ ಹೆಸರಿಲ್ಲ. (ನಮ್ಮ ಸ್ನೇಹಿತರು ‘ಹಿಮ್ಮೇಳ’ ಎಂಬ ಹೆಸರಿಟ್ಟುಕೊಂಡೂ ಇದನ್ನು ಬಿಟ್ಟದ್ದು ಸರಿಯಲ್ಲ.)

ಸಂಭಾವನೆಯ ಜಗಳದಿಂದ ಆ ಮೂವರು ರಚನಕಾರರು 1967ರ ಕೊನೆಯ ಹೊತ್ತಿಗೆ ಮೋಟೌನ್‌ಗೆ ಕೆಲಸ ಮಾಡುವುದನ್ನು ನಿಲ್ಲಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕಂಠ ಅಲ್ಲೇ ಇತ್ತು, ಆ ಕಂಠದ ಅಳತೆಗೆ ಹಾಡು ಹೊಲಿಯುವವರು ಇರಲಿಲ್ಲ. ನಂತರದ ಒಂದೆರಡು ವರ್ಷ ತಂಡ ಬೇರೆಯವರು ಆಗಲೇ ಹಾಡಿದ್ದ ಹಾಡುಗಳನ್ನು ಆಶ್ರಯಿಸಿದ್ದು ಇದೇ ಕಾರಣಕ್ಕೆ.

ಶ್ರುತಿಪೆಟ್ಟಿಗೆ:

ಇಬ್ಬರಿಗೂ ಧನ್ಯವಾದಗಳು. ಆಂಡಾಂಟೀಸ್ ವಿಷಯ ಓದಿದ ಮೇಲೆ ಅದೇ ಹಾಡನ್ನು ಮತ್ತೆ ಹಾಕಿದೆ; ಇಷ್ಟು ದಿನ ಗಂಡಸರ ದನಿಯೆಂದೇ ತಿಳಿದಿದ್ದ ಕಡೆ ಹೆಣ್ಣುದನಿ ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ 1967ರ ನಂತರದ ಕಾಲವನ್ನು ಇಳಿಗಾಲವೆಂದು ಕರೆದು ಬದಿಗಿಡಬಹುದೆ?

ಹಳೆಯ ತಟ್ಟೆ:

ಬದಿಗಿಡಬಾರದು ಎಂದು ನನ್ನ ನಮ್ರ ಆಕ್ಷೇಪ. 1972ರಲ್ಲಿ ಮೋಟೌನ್ ತನ್ನ ಕಚೇರಿಯನ್ನು ಲಾಸ್ ಏಂಜಲಿಸ್‌ಗೆ ಸಾಗಿಸಿದಾಗ ಫೋರ್ ಟಾಪ್ಸ್ ಅದರ ಹಿಂದೆ ಹೋಗದೆ ಎಬಿಸಿ ಡನ್‌ಹಿಲ್ ಸಂಸ್ಥೆ ಸೇರಿತು. 1973ರಲ್ಲಿ ಅಲ್ಲಿಂದ ಬಂದ ‘ಏಂಟ್ ನೋ ವುಮನ್’ ಅಮೆರಿಕದಲ್ಲಿ 4ನೆಯ ಸ್ಥಾನಕ್ಕೆ ಏರಿತು, ಅಂದರೆ 1967ರ ‘ಬರ್ನಡೆಟ್’ ಮುಟ್ಟಿದ್ದ ಸ್ಥಾನವನ್ನೇ. 1981ರಲ್ಲಿ ಕಾಸಾಬ್ಲಾಂಕಾ ಸಂಸ್ಥೆಯಿಂದ ಮತ್ತೊಂದು ಗೆಲುವು. 1986ರ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಚಲನಚಿತ್ರದಲ್ಲಿ ನರಭಕ್ಷಕ ಗಿಡದ ದನಿ ಸ್ಟಬ್ಸ್ ಅವರದೇ, ಕೇಳಿದರೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. 1969ರಲ್ಲಿ ತಂಡ ಪ್ರವಾಸದಲ್ಲಿದ್ದಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪೊಲೀಸರು ಯುವಕರನ್ನು ಹೊಡೆಯುತ್ತಿದ್ದುದನ್ನು ಬೆನ್ಸನ್ ಕಂಡರು. ಅದರಿಂದ ಹುಟ್ಟಿದ ಹಾಡನ್ನು ಅವರು ಆಲ್ ಕ್ಲೀವ್‌ಲ್ಯಾಂಡ್ ಜೊತೆ ಬರೆಯತೊಡಗಿದಾಗ, ಪ್ರತಿಭಟನೆಯ ಹಾಡು ತಮಗೆ ಬೇಡವೆಂದು ಜೊತೆಗಾರರೇ ನಿರಾಕರಿಸಿದರು. ಕೊನೆಗೆ ಅದು ಮೋಟೌನ್‌ನ ಗಾಯಕ ಮಾರ್ವಿನ್ ಗೇ ಅವರ ಬಳಿ ಹೋಗಿ, ಅವರ ಕೈಯಲ್ಲಿ ಇನ್ನಷ್ಟು ಬೆಳೆದು, 1971ರಲ್ಲಿ ‘ವಾಟ್ಸ್ ಗೋಯಿಂಗ್ ಆನ್’ ಎಂದು ಲೋಕಪ್ರಸಿದ್ಧವಾಯಿತು. ನಾಲ್ವರ ಒಗ್ಗಟ್ಟಿಗೆ ತೆತ್ತ ಬೆಲೆ ಇದು ಎಂದು ನಾನು ಹೇಳುತ್ತೇನೆ, ಹಿಮ್ಮೇಳದವರು ಒಪ್ಪಲಿಕ್ಕಿಲ್ಲ.

ಹಿಮ್ಮೇಳ:

ಒಪ್ಪುತ್ತೇನೆ, ಅರ್ಧ. ಅಷ್ಟು ದೊಡ್ಡ ಹಾಡು ಕೈತಪ್ಪಿದ ಮೇಲೂ ಬೆನ್ಸನ್ ತಂಡ ಬಿಡಲಿಲ್ಲ, 2005ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. 2000ದಲ್ಲಿ ಪಾರ್ಶ್ವವಾಯುವಿನಿಂದ ವೇದಿಕೆ ಬಿಟ್ಟ ಸ್ಟಬ್ಸ್ 2008ರಲ್ಲಿ ಹೋದರು. ಕೊನೆಯವರಾಗಿ ಉಳಿದ ಫಕೀರ್ ಅವರ ತಂದೆ ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಪ್ರದೇಶದಿಂದ ವಲಸೆ ಹೋದವರು. ಮಗ ಹೊಸ ಗಾಯಕರನ್ನು ಕಟ್ಟಿಕೊಂಡು ತಂಡವನ್ನು ನಡೆಸಿ 2024ರ ಜುಲೈನಲ್ಲಿ, 88ನೆಯ ವಯಸ್ಸಿನಲ್ಲಿ ನಿಧನರಾದರು. ಆ ಹೊಸಬರಲ್ಲಿ ಒಬ್ಬರು ಲಾರೆನ್ಸ್ ಪೇಟನ್ ಅವರ ಮಗ.

ಪ್ರಶ್ನೆ ಕೇಳಿದವರಿಗೆ ಒಂದು ಕೋರಿಕೆ: ‘ಬರ್ನಡೆಟ್’ ಕೇಳುವಾಗ, ಕೊನೆಗೆ ವಾದ್ಯಗಳೆಲ್ಲ ಒಮ್ಮೆಲೇ ನಿಂತಾಗ ಹಾಡು ಮುಗಿಯಿತೆಂದು ಮುಂದಿನದಕ್ಕೆ ಹೋಗಬೇಡಿ. ಸ್ಟಬ್ಸ್ ಇನ್ನೊಮ್ಮೆ ಆ ಹೆಸರನ್ನು ಕೂಗುತ್ತಾರೆ.