ಗ್ರೌಟ್‌ಗೆ ನಿಮ್ಮ ಕಡೆ ಏನಂತಾರೆ? ("ಸಂದು" ತಂದ ಫಜೀತಿ)

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಮನೇಲಿ ಅಡಿಗೆಮನೆ ರಿಪೇರಿ ನಡೀತಿದೆ, ಒಲೆ ಹಿಂದಿನ ಗೋಡೆಗೆ ಶಹಾಬಾದ್ ಕಲ್ಲಿನ ಟೈಲ್ಸ್. ನಾನು ಮೇಸ್ತ್ರಿ ಹತ್ರ "ಎಲ್ಲೂ ಸಂದು ಬಿಡಬೇಡಿ ಮಾರಾಯ್ರೇ, ಒಗ್ಗರಣೆ ಎಣ್ಣೆ ಹೋಗಿ ಕೂತ್ರೆ ಜಿರಲೆ ಬರುತ್ತೆ" ಅಂದು ತೋಟಕ್ಕೆ ಹೋದೆ. ಕಲ್ಲುಗಳ ನಡುವೆ ಗ್ರೌಟ್ (ಸಂದು ಮುಚ್ಚೋ ಸಿಮೆಂಟ್ ಪೇಸ್ಟು) ಸರಿಯಾಗಿ ತುಂಬಿ ಅನ್ನೋದು ನನ್ನ ಅರ್ಥ. ಮಧ್ಯಾಹ್ನ ಬಂದು ನೋಡಿದ್ರೆ ಎರಡು ಸಾಲು ಕಲ್ಲು ಒಂದಕ್ಕೊಂದು ತಾಗಿಸಿ ಕೂರಿಸಿಬಿಟ್ಟಿದಾರೆ, ನಡುವೆ ಸಮನಾಗಿ ಜಾಗ ಬಿಡೋಕೆ ಇಡೋ ಸ್ಪೇಸರ್ ಪ್ಯಾಕೆಟ್ ಒಡೆದೇ ಇಲ್ಲ. "ನೀವೇ ಸಂದು ಬಿಡಬೇಡಿ ಅಂದ್ರಲ್ಲ ಸಾರ್!" ಪಾಪ, ಅವ್ರು ಹೇಳಿದ್ದೂ ಸರಿನೇ. ಆದ್ರೆ ಈ ಕಲ್ಲು ಒಂದಿದ್ದಂಗೆ ಇನ್ನೊಂದಿರಲ್ಲ, ಎರಡು ಮೂರು ಮಿಲಿಮೀಟರ್ ಬಿಡದಿದ್ರೆ ಮೇಲೆ ಹೋಗ್ತಾ ಗೆರೆ ಸೊಟ್ಟ ಆಗುತ್ತೆ, ಹಾಗಾಗಿ ಎಲ್ಲ ಕಿತ್ತು ಮತ್ತೆ ಕೂರಿಸಿದ್ದಾಯ್ತು.

ಸಂಧಿ ತದ್ಭವವಾಗಿ ಸಂದಿ, ಸಂದು. ವ್ಯಾಕರಣದಲ್ಲಿ ಸಂಧಿ ಅಂದ್ರೆ ಕೂಡೋದು, ಸಂದುನೋವು ಅಂದ್ರೂ ಮೂಳೆ ಕೂಡೋ ಜಾಗದ್ದು. ಹಲ್ಲಿನ ಸಂದಿ, ಬಾಗಿಲ ಸಂದಿ ಅಂದಾಗ ಮಾತ್ರ ಕೂಡದೆ ಉಳಿದ ಜಾಗ! ಎರಡಕ್ಕೂ ಒಂದೇ ಪದ ಇಟ್ಕೊಂಡು ನಾವು ಗೋಡೆ ಕಟ್ತಾ ಇದೀವಿ.

ಈಗ ಪ್ರಶ್ನೆ. ಆ ಸಂದಿಗೆ ತುಂಬೋ ವಸ್ತುವಿಗೆ ಏನನ್ನಬೇಕು? ಮೇಸ್ತ್ರಿ "ಗ್ರೌಟ್ ಹೊಡೆಯೋದು" ಅಂತಾರೆ, ಸುಣ್ಣ ಹೊಡೆದ ಹಾಗೆ. ಅಮ್ಮ "ಮೆತ್ತೋದು" ಅಂತಾರೆ, ಆದ್ರೆ ಮೆತ್ತಿದ್ದು ಮೇಲೇ ಉಳಿಯುತ್ತೆ ಅಲ್ವಾ, ಇದನ್ನ ರಬ್ಬರ್ ಹಲಗೆ ಓರೆ ಹಿಡಿದು ಒಳಗೆ ಒತ್ತಿ, ಮೇಲಿಂದು ಒರೆಸಿ ತೆಗೀತಾರೆ. ಗಿಲಾವು ಇಡೀ ಗೋಡೆಗಾಯ್ತು. ಗಾರೆ ಅಂದ್ರೆ ಸುಣ್ಣದ್ದು. "ಸಂದುಗಾರೆ" ಅಂತ ನಾನೇ ಒಂದು ಕಟ್ಟಿದೆ, ಅಮ್ಮ "ಯಾರದೋ ಮನೆತನದ ಹೆಸರಿದ್ದಂಗಿದೆ" ಅಂತ ನಕ್ಕುಬಿಟ್ರು.

ಇನ್ನೊಂದು, ಸ್ಪಂಜಲ್ಲಿ ಎಷ್ಟು ಒರೆಸಿದ್ರೂ ಒಣಗಿದ ಮೇಲೆ ಕಲ್ಲಿನ ಮೇಲೆ ತೆಳ್ಳಗೆ ಬೆಳ್ಳಗೆ ಒಂದು ಪೊರೆ ಉಳೀತು, ಅದಕ್ಕೂ ಹೆಸರು ಬೇಕು. ಅಮ್ಮ "ಬೂದಿ ಬಳಿದಂಗಿದೆ" ಅಂದು ನಿಂಬೆಹೋಳು ತಗೊಂಡು ಉಜ್ಜೋಕೆ ಹೊರಟಿದ್ರು, ಕೈ ಹಿಡಿದು ನಿಲ್ಲಿಸಿದೆ. ಶಹಾಬಾದ್ ಸುಣ್ಣದಕಲ್ಲು, ಹುಳಿ ತಿಂದುಹಾಕುತ್ತೆ. ಗ್ರೌಟ್‌ಗೆ ಮುಂಚೆನೇ ಸೀಲರ್ (ಕಲ್ಲು ಏನನ್ನೂ ಹೀರದ ಹಾಗೆ ಹಚ್ಚೋ ದ್ರವ) ಹಚ್ಚಿದ್ರೆ ಇಷ್ಟು ಹಿಡೀತಿರಲಿಲ್ಲ.

ಸಾಗರ, ಹೊಸನಗರ ಕಡೆಯವ್ರು ಹೇಳಿ, ಜಂಬಿಟ್ಟಿಗೆ ಗೋಡೆಯ ಸಂದಿಗೆ ಹಳೇ ಮೇಸ್ತ್ರಿಗಳು ಸುಣ್ಣ ತುಂಬುವಾಗ ಯಾವ ಕ್ರಿಯಾಪದ ಬಳಸ್ತಿದ್ರು?