ಬೈಪಾಸ್‌ಗೆ ಮುನ್ನ ಆಸ್ಪತ್ರೆ ಹೇಳುವ ‘ಶೇ 99 ಯಶಸ್ಸ’ನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ಬನಶಂಕರಿ ವಾಸಿ

ನನ್ನ ತಂದೆಯವರಿಗೆ 68 ವರ್ಷ. ಆಂಜಿಯೋಗ್ರಾಮ್‌ನಲ್ಲಿ ಹೃದಯದ ಮೂರೂ ಮುಖ್ಯ ರಕ್ತನಾಳಗಳಲ್ಲಿ ಬ್ಲಾಕ್ ಕಾಣಿಸಿದ್ದು, ಬೈಪಾಸ್ ಮಾಡಿಸುವುದೇ ಸೂಕ್ತವೆಂದು ಬೆಂಗಳೂರಿನ ಎರಡು ಆಸ್ಪತ್ರೆಗಳಲ್ಲಿ ಹೇಳಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯಿದೆ, ಮಾತ್ರೆಯಲ್ಲೇ ನಡೆಯುತ್ತಿದೆ. ಹಲವು ದಶಕಗಳಿಂದ ಬೀಡಿ ಸೇದುತ್ತಿರುವುದರಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮೊದಲ ಆಸ್ಪತ್ರೆಯವರು ‘ನಮ್ಮಲ್ಲಿ ಶೇ 99 ಯಶಸ್ಸು’ ಎಂದರು. ಎರಡನೆಯ ಕಡೆ ಶ್ವಾಸಕೋಶದ ಪರೀಕ್ಷೆ ಮಾಡಿಸಿ, ವರದಿ ನೋಡಿದ ಮೇಲೆ, ಇವರ ಮಟ್ಟಿಗೆ ಜೀವಾಪಾಯ ಶೇ 3ರಿಂದ 4 ಇದೆ ಎಂದರು. ಮನೆಯವರೆಲ್ಲ ಮೊದಲನೆಯದರ ಕಡೆಗೇ ವಾಲಿದ್ದಾರೆ. ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದೇ? ಇನ್ನೇನು ಕೇಳಿ ತಿಳಿಯಬೇಕು?

ಉತ್ತರ: ಸಂಖ್ಯಾಶಾಸ್ತ್ರದ ಮೇಷ್ಟ್ರು

ಹೋಲಿಸಲಾಗದು. ಮೊದಲನೆಯದು ಆ ಆಸ್ಪತ್ರೆಯಲ್ಲಿ ಇದುವರೆಗೆ ಶಸ್ತ್ರಚಿಕಿತ್ಸೆಯಾದ ಎಲ್ಲರ ಸರಾಸರಿ. ಅದರಲ್ಲಿ 45 ವರ್ಷದ ಗಟ್ಟಿಮುಟ್ಟಾದವರೂ ಸೇರಿರುತ್ತಾರೆ. ಎರಡನೆಯದು ನಿಮ್ಮ ತಂದೆಯವರ ವಯಸ್ಸು, ಶ್ವಾಸಕೋಶ, ಮೂತ್ರಪಿಂಡ, ಹೃದಯದ ಪಂಪಿಂಗ್ ಎಲ್ಲವನ್ನೂ ನೋಡಿ ಮಾಡಿದ ಅಂದಾಜು. ಕಷ್ಟದ ರೋಗಿಗಳನ್ನು ಸೇರಿಸಿಕೊಳ್ಳದೆ ವಾಪಸ್ ಕಳುಹಿಸುವ ಆಸ್ಪತ್ರೆಗೆ ಶೇ 99 ತಲುಪುವುದು ದೊಡ್ಡ ಮಾತೇನಲ್ಲ.

ಹೀಗೆ ರೋಗಿವಾರು ಅಂದಾಜು ಮಾಡಲು ಯುರೋಸ್ಕೋರ್ ಎಂಬ ಲೆಕ್ಕವಿದೆ. 1999ರಲ್ಲಿ ಬಂದ ಅದನ್ನು ಪರಿಷ್ಕರಿಸಿ 2012ರಲ್ಲಿ ಎರಡನೆಯ ಆವೃತ್ತಿ ಪ್ರಕಟಿಸಿದರು. 18 ಅಂಶಗಳನ್ನು ತುಂಬಿದರೆ ನಿರೀಕ್ಷಿತ ಸಾವಿನ ಪ್ರಮಾಣ ಬರುತ್ತದೆ. ಆದರೆ ಅದರ ಒಳಗಿನ ವ್ಯಾಖ್ಯೆಗಳನ್ನು ನೋಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುತ್ತಿದ್ದರಷ್ಟೇ ಅಂಕ ಸೇರುತ್ತದೆ, ಮಾತ್ರೆಯವರಿಗೆ ಸೇರುವುದಿಲ್ಲ. ಶ್ವಾಸಕೋಶದ ಕಾಯಿಲೆ ಲೆಕ್ಕಕ್ಕೆ ಬರಬೇಕಾದರೆ ರೋಗಿ ದೀರ್ಘಕಾಲದಿಂದ ಶ್ವಾಸನಾಳ ಹಿಗ್ಗಿಸುವ ಔಷಧಿಯನ್ನೋ ಸ್ಟೀರಾಯ್ಡನ್ನೋ ಬಳಸುತ್ತಿರಬೇಕು. ವರ್ಷಗಟ್ಟಲೆ ಬೀಡಿ ಸೇದಿಯೂ ವೈದ್ಯರ ಬಳಿ ಸುಳಿಯದವರು ಕಾಗದದ ಮೇಲೆ ಆರೋಗ್ಯವಂತರಾಗಿಯೇ ಕಾಣುತ್ತಾರೆ. ಪರೀಕ್ಷೆ ಮಾಡಿಸಿ ಆಮೇಲೆ ಅಂಕಿ ಹೇಳಿದ ಎರಡನೆಯ ಆಸ್ಪತ್ರೆಯ ಮೇಲೆ ನನಗೆ ಹೆಚ್ಚು ವಿಶ್ವಾಸ ಬರುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ. ಒಬ್ಬ ಸರ್ಜನ್ ಸತತವಾಗಿ ನೂರು ಶಸ್ತ್ರಚಿಕಿತ್ಸೆ ಮಾಡಿ ಒಂದೂ ಸಾವು ಸಂಭವಿಸದಿದ್ದರೂ, ಅವರ ಕೈಯ ನಿಜವಾದ ಸಾವಿನ ಪ್ರಮಾಣ ಶೇ 3ರಷ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಸಣ್ಣ ಸಂಖ್ಯೆಗಳಲ್ಲಿ ಅದೃಷ್ಟದ ಪಾಲು ಅಷ್ಟಿರುತ್ತದೆ. ಆದ್ದರಿಂದಲೇ ಕೆಲವು ಘಟಕಗಳು ಪ್ರತಿ ರೋಗಿಯ ಫಲಿತಾಂಶವನ್ನು ಒಂದು ಗೆರೆಯಾಗಿ ಬರೆಯುತ್ತಾ ಹೋಗುತ್ತವೆ: ಶೇ 4 ಅಪಾಯವಿದ್ದ ರೋಗಿ ಬದುಕಿದರೆ ಗೆರೆ 0.04ರಷ್ಟು ಮೇಲೇರುತ್ತದೆ, ತೀರಿಕೊಂಡರೆ 0.96ರಷ್ಟು ಕೆಳಗಿಳಿಯುತ್ತದೆ. ಗೆರೆ ಬಹುಕಾಲ ಇಳಿಯುತ್ತಲೇ ಇದ್ದರೆ ಏನೋ ಸರಿಯಿಲ್ಲವೆಂದು ವರ್ಷಾಂತ್ಯದ ವರದಿಗೆ ಮೊದಲೇ ತಿಳಿಯುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಕಳಪೆ ಫಲಿತಾಂಶಗಳ ಬಗ್ಗೆ ಅಲ್ಲಿನ ಅರಿವಳಿಕೆ ತಜ್ಞರೊಬ್ಬರು ಅಂಕಿ ಸಮೇತ ಎಚ್ಚರಿಸಿದ್ದರೂ ವರ್ಷಗಳ ಕಾಲ ಯಾರೂ ಕಿವಿಗೊಡಲಿಲ್ಲ. 2001ರಲ್ಲಿ ಅದರ ವಿಚಾರಣಾ ವರದಿ ಬಂದ ಬಳಿಕವೇ ಆ ದೇಶದಲ್ಲಿ ಫಲಿತಾಂಶಗಳನ್ನು ಬಹಿರಂಗಪಡಿಸುವ ಒತ್ತಡ ಬಲವಾಯಿತು. ನ್ಯೂಯಾರ್ಕ್ ರಾಜ್ಯ 1989ರಿಂದಲೇ ಬೈಪಾಸ್ ಫಲಿತಾಂಶಗಳನ್ನು ರೋಗಿಗಳ ಅಪಾಯಕ್ಕೆ ಹೊಂದಿಸಿ ಲೆಕ್ಕವಿಡಲು ಆರಂಭಿಸಿತ್ತು.

ಉತ್ತರ: ಹೃದಯ ವಿಭಾಗದ ಅರಿವಳಿಕೆ ತಜ್ಞೆ

ಮೇಷ್ಟ್ರ ಮಾತಿಗೆ ನನ್ನ ಕೆಲಸದ ಕಡೆಯಿಂದ ಒಂದು ಸೇರ್ಪಡೆ. ತೊಡಕುಗಳು ಒಳ್ಳೆಯ ಆಸ್ಪತ್ರೆಯಲ್ಲೂ ಬರುತ್ತವೆ. ತೊಡಕು ಬಂದ ರೋಗಿಗಳಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಳ್ಳುತ್ತಾರೆ ಎಂಬಲ್ಲಿ ಆಸ್ಪತ್ರೆಗಳ ನಡುವೆ ದೊಡ್ಡ ಅಂತರ ಕಾಣುತ್ತದೆ, ಮತ್ತು ಅದು ಬಹುಮಟ್ಟಿಗೆ ಮೊದಲ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದನ್ನು ಅವಲಂಬಿಸಿದೆ.

ಒಂದು ಉದಾಹರಣೆ ಕೊಡುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಎದೆಯೊಳಗಿನ ರಕ್ತ ಹೊರಬರಲು ಡ್ರೇನ್ ಕೊಳವೆ ಹಾಕಿರುತ್ತಾರೆ. ನರ್ಸ್ ಪ್ರತಿ ಗಂಟೆಗೊಮ್ಮೆ ಬಾಟಲಿಗೆ ಅಂಟಿಸಿದ ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯುತ್ತಾರೆ. ಗಂಟೆಗೆ 200 ಮಿ.ಲೀ. ಮೀರಿ ಸತತವಾಗಿ ಬರುತ್ತಿದ್ದರೆ ಎದೆಯನ್ನು ಮತ್ತೆ ತೆರೆದು ನೋಡುವ ಯೋಚನೆ ಮಾಡಬೇಕಾಗುತ್ತದೆ. ಅದು ಎಲ್ಲರಿಗೂ ಗೊತ್ತಾಗುವ ಅಪಾಯ. ಚೆನ್ನಾಗಿ ಬರುತ್ತಿದ್ದ ರಕ್ತ ಇದ್ದಕ್ಕಿದ್ದಂತೆ ನಿಂತುಹೋಗುವುದು ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಹೊಸಬರು ರಕ್ತಸ್ರಾವ ನಿಂತಿತೆಂದು ಸಮಾಧಾನಪಡುತ್ತಾರೆ. ಅನುಭವವಿರುವವರು ಕೊಳವೆಯಲ್ಲಿ ಗರಣೆ ಕಟ್ಟಿಕೊಂಡು ರಕ್ತ ಹೃದಯದ ಸುತ್ತ ತುಂಬುತ್ತಿದೆಯೇ ಎಂದು ಅನುಮಾನಿಸಿ, ಬಿಪಿ ಇಳಿಯುತ್ತಿದೆಯೇ, ಕತ್ತಿನ ದೊಡ್ಡ ರಕ್ತನಾಳದ ಒತ್ತಡ ಏರುತ್ತಿದೆಯೇ, 60 ಕೆ.ಜಿ. ತೂಕದ ರೋಗಿಗೆ ಗಂಟೆಗೆ 30 ಮಿ.ಲೀ. ಮೂತ್ರವಾದರೂ ಬರುತ್ತಿದೆಯೇ ಎಂದು ಕೂಡಲೇ ನೋಡಿ, ಎಕೋ ಯಂತ್ರ ತರಿಸುತ್ತಾರೆ. ಮಾನಿಟರ್ ಅಂಕಿಗಳನ್ನು ತೋರಿಸುತ್ತದೆ, ಅಷ್ಟೇ. ಅವುಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಜನ ಬೇಕು.

ಹಾಗಾಗಿ ನೇರವಾಗಿ ಕೇಳಿ: ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ರಾತ್ರಿ ಎರಡು ಗಂಟೆಗೆ ಎದೆ ತೆರೆಯಬೇಕಾದರೆ ಸರ್ಜನ್ ಆವರಣದಲ್ಲೇ ಇರುತ್ತಾರೆಯೇ, ಇಲ್ಲವೇ ಹೆಬ್ಬಾಳದಿಂದ ಬನ್ನೇರುಘಟ್ಟ ರಸ್ತೆಗೆ ಬರಬೇಕೇ? ವಾರ್ಡಿಗೆ ಕಳುಹಿಸಿದ ಮೇಲೂ ಇಸಿಜಿ ನಿಗಾ ಇರುತ್ತದೆಯೇ? ಈ ಕೊನೆಯದನ್ನು ಬಿಡಬೇಡಿ. ಬೈಪಾಸ್ ಆದ ಮೂರು-ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಬರುತ್ತದೆ, ಅದೂ ಹೆಚ್ಚಾಗಿ ಎರಡನೆಯ ಇಲ್ಲವೇ ಮೂರನೆಯ ದಿನ, ಮನೆಯವರೆಲ್ಲ ಇನ್ನು ಗೆದ್ದೆವು ಎಂದುಕೊಂಡಿರುವಾಗ.

ಉತ್ತರ: ಮಲ್ಲೇಶ್ವರಂ ಓದುಗ

ನಮ್ಮ ತಾಯಿಯವರಿಗೆ ಬೆಂಗಳೂರಿನಲ್ಲೇ ಶ್ವಾಸಕೋಶದ ಒಂದು ಹಾಲೆಯನ್ನು ತೆಗೆದಿದ್ದಾರೆ. ಅಲ್ಲಿ ಡ್ರೇನ್ ಬಾಟಲಿಯಲ್ಲಿ ನೋಡುವುದು ಗಾಳಿಯನ್ನು. ಕೆಮ್ಮಿದಾಗ ನೀರಿನಲ್ಲಿ ಗುಳ್ಳೆ ಬರುತ್ತಿದ್ದರೆ ಶ್ವಾಸಕೋಶ ಇನ್ನೂ ಸೋರುತ್ತಿದೆ ಎಂದರ್ಥ, ಐದು ದಿನ ಮೀರಿದರೆ ಅದನ್ನು ತೊಡಕೆಂದೇ ದಾಖಲಿಸುತ್ತಾರೆ. ಯಶಸ್ಸಿನ ಅಂಕಿಯಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಅಮ್ಮ ಯಶಸ್ವಿಯಾಗಿಯೇ ಮನೆಗೆ ಬಂದರು, ಆದರೆ ಮೊದಲಿನಂತೆ ದೇವಸ್ಥಾನದವರೆಗೆ ನಡೆಯಲು ತಿಂಗಳುಗಳೇ ಹಿಡಿದವು.

ಶೇ 99 ಎಂದವರನ್ನು, ಅದು ಡಿಸ್‌ಚಾರ್ಜ್‌ವರೆಗಿನ ಲೆಕ್ಕವೋ 30 ದಿನಗಳದ್ದೋ ಎಂದೂ ಕೇಳಿ. ರಾಯಚೂರು, ಕಲಬುರಗಿಯಿಂದ ಬಂದವರು ಊರಿಗೆ ಮರಳಿದ ಎರಡು ವಾರಕ್ಕೆ ಅಲ್ಲೇ ತೀರಿಕೊಂಡರೆ, ಫೋನ್ ಮಾಡಿ ವಿಚಾರಿಸುವ ಏರ್ಪಾಡಿಲ್ಲದ ಆಸ್ಪತ್ರೆಯ ಪುಸ್ತಕದಲ್ಲಿ ಅವರು ಗುಣಮುಖರಾದವರೇ.

ಬನಶಂಕರಿ ವಾಸಿ

ಮೂವರಿಗೂ ಕೃತಜ್ಞತೆಗಳು. ಎರಡನೆಯ ಆಸ್ಪತ್ರೆಯಲ್ಲೇ ಮಾಡಿಸುವುದಾಗಿ ಮನೆಯಲ್ಲಿ ಒಪ್ಪಿಸಿದ್ದೇನೆ; ದಿನಾಂಕ ಸುಮಾರು ಐದು ವಾರಗಳ ನಂತರ. ಮೇಡಂ, ಒಂದು ಸಂಶಯ: ಈಗ ಒಮ್ಮೆಲೇ ಬೀಡಿ ಬಿಟ್ಟರೆ ಕಫ ಹೆಚ್ಚಾಗಿ ಆಪರೇಷನ್‌ಗೆ ತೊಂದರೆಯಾಗುತ್ತದೆ ಎಂದು ತಂದೆಯವರಿಗೆ ಯಾರೋ ಹೇಳಿದ್ದಾರೆ. ನಿಜವೇ?

ಹೃದಯ ವಿಭಾಗದ ಅರಿವಳಿಕೆ ತಜ್ಞೆ

ಆ ನಂಬಿಕೆ ಹಳೆಯದು, ಆಧಾರವಿಲ್ಲದ್ದು. ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಬಿಟ್ಟಿದ್ದರೆ ಶ್ವಾಸಕೋಶದ ತೊಡಕುಗಳು ಕಡಿಮೆಯಾಗುತ್ತವೆ, ನಿಮಗೆ ಐದು ವಾರ ಸಿಕ್ಕಿದೆ. ಇಂದೇ ಬಿಡಿಸಿ. ಮೂರು ಚೆಂಡುಗಳ ಸ್ಪೈರೋಮೀಟರ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಉಸಿರನ್ನು ನಿಧಾನವಾಗಿ ಒಳಗೆ ಎಳೆದು ಚೆಂಡನ್ನು ಮೇಲೆ ನಿಲ್ಲಿಸುವ ಅಭ್ಯಾಸವನ್ನು, ವೈದ್ಯರನ್ನು ಕೇಳಿಕೊಂಡು, ಈಗಿನಿಂದಲೇ ಮಾಡಿಸಿ. ಹೊಲಿಗೆಯ ನೋವಿನಲ್ಲಿ ಅದನ್ನು ಹೊಸದಾಗಿ ಕಲಿಯುವುದು ಬಹಳ ಕಷ್ಟ.