ದಿನವೂ ಬೆಳಿಗ್ಗೆ ಸರ್ವರ್ ಖಾತೆ ಲಾಕ್: ಪಾಸ್‌ವರ್ಡ್ ಮೂರು ಸಲ ಬದಲಿಸಿದೆ, ಉಪಯೋಗವಿಲ್ಲ

ತೊಗರಿಖಾತೆ (ಕಲಬುರಗಿ):
ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ನಮ್ಮ ದಾಲ್ ಮಿಲ್ಲಿನ ಸರ್ವರ್‌ಗೆ ಹೊರಗಿನಿಂದ ಯಾರೋ ನುಗ್ಗಲು ನೋಡುತ್ತಿದ್ದಾರೆ. ಬೆಳಿಗ್ಗೆ ಕಚೇರಿಗೆ ಬಂದರೆ ಖಾತೆ ಲಾಕ್. ಅರ್ಧ ಗಂಟೆ ಕಾದರೆ ತೆರೆಯುತ್ತದೆ, ಒಮ್ಮೆ ಹೊರಬಂದರೆ ಮತ್ತೆ ಲಾಕ್. ಪಾಸ್‌ವರ್ಡ್ ಮೂರು ಸಲ ಬದಲಿಸಿದೆ, ಆಂಟಿವೈರಸ್ ಹೊಸದು ಹಾಕಿದೆ. ಹೊಸ ತೊಗರಿ ಬರುವ ಸಮಯ, ಅಂಗಳದಲ್ಲಿ ಲಾರಿಗಳು ನಿಂತಿವೆ, ಬಿಲ್ ಹೊರಡುತ್ತಿಲ್ಲ. ಮಾಲೀಕರು ನನ್ನ ಮುಖ ನೋಡುತ್ತಾರೆ, ನಾನು ಸರ್ವರ್ ಮುಖ ನೋಡುತ್ತೇನೆ. ಬೇಗ ಹೇಳಿ.

ಬಹಮನಿ_ಬೈಟ್ (ಬೀದರ್):
ಇದಕ್ಕೆ ಒಂದೇ ಮದ್ದು, ಫೇಲ್2ಬ್ಯಾನ್. ಹತ್ತು ನಿಮಿಷದಲ್ಲಿ ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟ ವಿಳಾಸವನ್ನು ತಾನೇ ತಡೆಯುತ್ತದೆ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಒಳಬರುವ ದಾರಿ) ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಫೈಲ್ ಬಳಸಿ. ರೂಟ್ ಎಂಬ ಮುಖ್ಯ ಖಾತೆಗೆ ನೇರ ಪ್ರವೇಶ ಕೊಡಬೇಡಿ.

ತೊಗರಿಖಾತೆ:
ಹುಡುಕಿದೆ ಸರ್. ಇನ್‌ಸ್ಟಾಲ್ ಮಾಡುವ ಫೈಲೇ ಕಾಣುತ್ತಿಲ್ಲ. ಎಲ್ಲಿ ಒತ್ತಬೇಕು?

ಬಹಮನಿ_ಬೈಟ್:
ಒತ್ತುವುದೇನೂ ಇಲ್ಲ, ಒಂದು ಸಾಲಿನ ಕಮಾಂಡ್. ನಿಮ್ಮ ಲಿನಕ್ಸ್ ಡೆಬಿಯನ್ನೋ ಉಬುಂಟುವೋ ಹೇಳಿ, ಕಾನ್ಫಿಗ್ ನಾನೇ ಬರೆದು ಕೊಡುತ್ತೇನೆ.

ಭೀಮಾತೀರ (ಯಾದಗಿರಿ):
ಅಷ್ಟೆಲ್ಲ ಯಾಕೆ? ಎಸ್‌ಎಸ್‌ಎಚ್ ಒಳಬರುವ ಬಾಗಿಲು, ಅಂದರೆ ಪೋರ್ಟ್, 22 ಬಿಟ್ಟು 2222 ಮಾಡಿ. ತಪ್ಪು ಪ್ರಯತ್ನಗಳ ನನ್ನ ಲಾಗ್ ಮರುದಿನವೇ ಖಾಲಿಯಾಯಿತು.

ಗಂಜ್_ವೈರ್‌ಮನ್ (ಕಲಬುರಗಿ):
ಪೋರ್ಟ್ ಬದಲಿಸುವುದೆಂದರೆ ಮುಂಬಾಗಿಲನ್ನು ಹಿತ್ತಲಿಗೆ ಸಾಗಿಸಿದಂತೆ. ಕಳ್ಳನಿಗೆ ಮನೆ ಸುತ್ತಲು ಎಷ್ಟು ಹೊತ್ತು ಬೇಕು?

ಭೀಮಾತೀರ:
ಅದು ಭದ್ರತೆ ಎಂದು ನಾನೆಲ್ಲಿ ಹೇಳಿದೆ? ಗದ್ದಲ ಕಡಿಮೆಯಾಗುತ್ತದೆ ಎಂದೆ. ಓದಿ ಬರೆಯಿರಿ.

ಬಹಮನಿ_ಬೈಟ್:
ನನ್ನ ಮನೆಯಲ್ಲಿ ಮಿನಿ ಪಿಸಿ ಮೂರು, ಅವುಗಳ ಮೇಲೆ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ, ಮುಂದೆ ಮೈಕ್ರೋಟಿಕ್ ರೂಟರ್. ಹೊರಗಿನಿಂದ ಒಂದು ಪೋರ್ಟ್ ಕೂಡ ತೆರೆದಿಲ್ಲ. ಏಪ್ರಿಲ್ ಬಿಸಿಲಿಗೂ ಜಗ್ಗಲಿಲ್ಲ, ಫ್ಯಾನ್ ಮಾತ್ರ ಎರಡು ಹೆಚ್ಚು.

ಗಂಜ್_ವೈರ್‌ಮನ್:
ನಿಮ್ಮ ಫ್ಯಾನ್ ಹಾಗಿರಲಿ. ಖಾತೆ ಲಾಕ್ ಆಗುತ್ತದೆ, ಅರ್ಧ ಗಂಟೆ ಬಿಟ್ಟು ತಾನೇ ತೆರೆಯುತ್ತದೆ ಎನ್ನುತ್ತಿದ್ದಾರೆ. ಇದು ಲಿನಕ್ಸಿನ ಲಕ್ಷಣವೇ? ಅಣ್ಣ, ನಿಮ್ಮದು ವಿಂಡೋಸ್ ತಾನೇ?

ತೊಗರಿಖಾತೆ:
ಸರ್ವರ್ ಎಂದ ಮೇಲೆ ವಿಂಡೋಸ್ ಅಲ್ಲದೆ ಇನ್ನೇನು? 2012 ಆರ್2. ಅದರಲ್ಲಿ ಲೆಕ್ಕದ ತಂತ್ರಾಂಶ ಟ್ಯಾಲಿ ಇದೆ. ಬೀದರ್‌ನಿಂದ ನಮ್ಮ ಲೆಕ್ಕಪರಿಶೋಧಕರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬರುತ್ತಾರೆ. 2020ರ ಲಾಕ್‌ಡೌನ್ ಹೊತ್ತಿಗೆ ಹುಡುಗನೊಬ್ಬ ಬಂದು ರೂಟರ್‌ನಲ್ಲಿ ಏನೋ ಮಾಡಿಕೊಟ್ಟು ಹೋದ.

ಗಂಜ್_ವೈರ್‌ಮನ್:
ಆ "ಏನೋ" ಎಂಬುದೇ ರೋಗ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟು ಹೋಗಿದ್ದಾನೆ. ನಿಮ್ಮ ಊರಿನ ತೊಗರಿಬೇಳೆಗೆ 2019ರಲ್ಲೇ ಜಿಐ ಟ್ಯಾಗ್ ಬಂತು, ನಿಮ್ಮ ಸರ್ವರ್ ಮಾತ್ರ 2012ರಲ್ಲೇ ಕೂತಿದೆ. ಅದರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯೂರಿಟಿ ಲಾಗ್ ತೆರೆದು 4625 ಹುಡುಕಿ, ಅದು ವಿಫಲ ಲಾಗಿನ್‌ಗಳ ದಾಖಲೆ.

ಭೀಮಾತೀರ:
ಈಗಿನ ಫೈಬರ್‌ನಲ್ಲಿ ಎಷ್ಟೋ ಜನರಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇರುವುದಿಲ್ಲ. ರೂಟರಿನ ವ್ಯಾನ್ (ಇಂಟರ್ನೆಟ್ ಬದಿಯ) ವಿಳಾಸ 100.64ರಿಂದ 100.127ರ ಒಳಗಿದ್ದರೆ ಹೊರಗಿನಿಂದ ಯಾರೂ ಬರಲಾರರು. ಮೊದಲು ಅದನ್ನು ನೋಡಿ.

ಗಂಜ್_ವೈರ್‌ಮನ್:
ಲೆಕ್ಕಪರಿಶೋಧಕರು ಬೀದರ್‌ನಲ್ಲಿ ಕುಳಿತು ದಿನಾ ಬರುತ್ತಿದ್ದಾರಲ್ಲ, ಅವರೇನು ಗೋಡೆ ಹಾರಿ ಬರುತ್ತಾರೆಯೇ?

ತೊಗರಿಖಾತೆ:
ನೋಡಿದೆ. ಪುಟಗಟ್ಟಲೆ 4625. ನಾಲ್ಕೈದು ಸೆಕೆಂಡಿಗೊಂದು. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಸ್ಕ್ಯಾನರ್, ಯೂಸರ್1, ಟ್ಯಾಲಿ. ನಾನು ಬಳಸುವ ಖಾತೆಯ ಹೆಸರೂ ಟ್ಯಾಲಿ.

ಗಂಜ್_ವೈರ್‌ಮನ್:
ಹಾಗಿದ್ದರೆ ಪಾಸ್‌ವರ್ಡ್ ನೂರು ಸಲ ಬದಲಿಸಿದರೂ ಅಷ್ಟೆ. ತಪ್ಪು ಊಹೆಗಳು ಮಿತಿ ಮೀರಿದರೆ ಖಾತೆ ಲಾಕ್ ಆಗುತ್ತದೆ, ಸರಿಯಾದ ಪಾಸ್‌ವರ್ಡ್ ಏನೆಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಲಾಕ್‌ಔಟ್ ತೆಗೆಯಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ರೂಟರ್‌ನಲ್ಲಿ ಹೊರಗಿನವರನ್ನು ಸರ್ವರ್‌ಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಈಗಲೇ ಅಳಿಸಿ. ಲೆಕ್ಕಪರಿಶೋಧಕರಿಗೆ ವೈರ್‌ಗಾರ್ಡ್ ವಿಪಿಎನ್ (ಖಾಸಗಿ ಗುಪ್ತ ದಾರಿ) ಕೊಡಿ. ಕೀ ಇಲ್ಲದವನಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಖಾತೆಗೆ ಊಹಿಸಲಾಗದ ಹೆಸರಿಡಿ. ಇನ್ನೊಂದು ಮುಖ್ಯ ಮಾತು: 4624 ನೋಡಿದಿರಾ? ಅದು ಯಶಸ್ವಿಯಾಗಿ ಒಳಬಂದವರ ದಾಖಲೆ.

ತೊಗರಿಖಾತೆ:
ನೋಡಿದೆ, ಎದೆ ಧಸಕ್ಕೆಂದಿತು. ರಾತ್ರಿ 2:40ಕ್ಕೆ ಒಂದು ಲಾಗಿನ್. ಫೋನ್ ಮಾಡಿದರೆ ಲೆಕ್ಕಪರಿಶೋಧಕರೇ ನಕ್ಕರು. 20ನೇ ತಾರೀಖು, ಜಿಎಸ್‌ಟಿ 3ಬಿ ರಿಟರ್ನ್ ಕೊನೆಯ ದಿನ, ನಿದ್ದೆ ಎಲ್ಲಿಂದ ಎಂದರು. ಪೋರ್ಟ್ ಮುಚ್ಚಿದ್ದೇನೆ.

ಬಹಮನಿ_ಬೈಟ್:
ಲಿನಕ್ಸ್ ಹಾಕಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ತೊಗರಿಖಾತೆ (ಎರಡು ದಿನಗಳ ನಂತರ):
ಹೊರಗಿನ ಪ್ರಯತ್ನ ಒಂದೂ ಇಲ್ಲ. ಆದರೆ ಇವತ್ತು 9:10ಕ್ಕೆ ಮತ್ತೆ ಲಾಕ್!

ಗಂಜ್_ವೈರ್‌ಮನ್:
4740 ತೆರೆಯಿರಿ. ಖಾತೆಯನ್ನು ಲಾಕ್ ಮಾಡಿಸಿದ ಕಂಪ್ಯೂಟರಿನ ಹೆಸರು ಅದರಲ್ಲಿರುತ್ತದೆ.

ತೊಗರಿಖಾತೆ:
ನಮ್ಮದೇ ವೇಬ್ರಿಡ್ಜ್ (ಲಾರಿ ತೂಗುವ ಜಾಗ) ಕಂಪ್ಯೂಟರ್. ತೂಕದ ಫೋಲ್ಡರಿಗೆ ಹಳೆಯ ಪಾಸ್‌ವರ್ಡ್ ಉಳಿಸಿಟ್ಟಿದ್ದೆವು. ನಾನು ಮೂರು ಸಲ ಬದಲಿಸಿದೆನಲ್ಲ, ಪಾಪ, ಅದಕ್ಕೆ ಯಾರೂ ಹೇಳಿಲ್ಲ. ಬೆಳಿಗ್ಗೆ ಹುಡುಗ ಸ್ವಿಚ್ ಹಾಕಿದ ಕೂಡಲೇ ಹಳೆಯದನ್ನೇ ಮತ್ತೆ ಮತ್ತೆ ಕೊಡುತ್ತಿತ್ತು. ಅಳಿಸಿ ಹೊಸದು ಹಾಕಿದೆ. ಮೊದಲ ಲಾರಿ ಹೊರಟಿತು.

ಭೀಮಾತೀರ:
ವ್ಯಾನ್ ವಿಳಾಸ ಎಷ್ಟಿತ್ತು ಎಂದು ಕೊನೆಗೂ ಹೇಳಲಿಲ್ಲ.